ಮೈಲಾರ ಮಹಾದೇವಪ್ಪ ಮತ್ತು ನಮ್ಮ ಮನೆಯ ರೌಟರ್

ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಹಾವೇರಿಯಲ್ಲಿ ಇಳಿದರೆ ಮೊದಲು ಸ್ವಾಗತಿಸುವುದು ಮಹಾದೇವಪ್ಪ ಮೈಲಾರರ ಹೆಸರು. ನಿಲ್ದಾಣಕ್ಕೆ ಈಗ ಅವರ ಹೆಸರನ್ನೇ ಇಡಲಾಗಿದೆ. ಊರಿಗೆ ಹೋದಾಗಲೆಲ್ಲ ಈ ಬೋರ್ಡ್ ನೋಡಿ ನನಗೆ ಒಂದು ಸಣ್ಣ ನಗು ಬರುತ್ತದೆ. ಯಾಕಂದ್ರೆ 1942ರಲ್ಲಿ ಇದೇ ಸೀಮೆಯಲ್ಲಿ ಬ್ರಿಟಿಷರ ರೈಲು, ಟಪಾಲು, ತಂತಿ, ಕಂದಾಯ ಎಲ್ಲವನ್ನೂ ನಿಲ್ಲಿಸಲು ಹೊರಟ ಭೂಗತ ಹೋರಾಟಗಾರರ ಮುಂದಾಳು ಅವರು. ಅಂದಿನ ಸರ್ಕಾರದ ಕಣ್ಣಿನಲ್ಲಿ ರೈಲಿನ ಶತ್ರು. ಇವತ್ತು ರೈಲು ನಿಲ್ದಾಣಕ್ಕೇ ಅವರ ಹೆಸರು.

ನಮ್ಮ ಅಜ್ಜಿಯ ತವರು ಮೋಟೆಬೆನ್ನೂರು. ಮಹಾದೇವಪ್ಪನವರ ಊರೂ ಅದೇ. ಹಾಗಾಗಿ ನಮ್ಮ ಮನೆಯಲ್ಲಿ ಅವರ ಕಥೆ ಪಠ್ಯಪುಸ್ತಕದಿಂದ ಬಂದದ್ದಲ್ಲ, ಊಟಕ್ಕೆ ಕೂತಾಗ ಬಂದದ್ದು. ಸಣ್ಣವನಿದ್ದಾಗ ಅದು ನನಗೆ ಬರೀ ಗುಂಡು, ಪೊಲೀಸರು, ಓಡಾಟದ ಕಥೆ. ಇಂಜಿನಿಯರಿಂಗ್ ಓದಿ, ಮೂರು ವರ್ಷ ನೆಟ್‌ವರ್ಕ್ ಕೆಲಸ ಮಾಡಿ, ಅದನ್ನು ಬಿಟ್ಟು ಪತ್ರಿಕೋದ್ಯಮಕ್ಕೆ ಬಂದ ಮೇಲೆ ಆ ಕಥೆಯನ್ನು ಬೇರೆ ಥರ ಓದಲು ಶುರುಮಾಡಿದೆ. ಹೋದ ವರ್ಷ ನಮ್ಮ ಮನೆಯಲ್ಲಿ ಆದ ಒಂದು ಘಟನೆಯ ನಂತರವಂತೂ ಅದನ್ನು ಬೇರೆ ಥರ ಓದಲು ಸಾಧ್ಯವೇ ಆಗ್ತಿಲ್ಲ.

ಮೊದಲು ಅವರ ಬದುಕು.

ಮೋಟೆಬೆನ್ನೂರಿನಿಂದ ದಂಡಿಗೆ

ಮಹಾದೇವಪ್ಪ ಹುಟ್ಟಿದ್ದು 1911ರ ಜೂನ್ 8ರಂದು. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಮೋಟೆಬೆನ್ನೂರು ಈಗ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿದೆ. ಆಗ ಹಾವೇರಿ ಜಿಲ್ಲೆ ಇರಲಿಲ್ಲ. ಅದು ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಈ ಸೀಮೆಯೆಲ್ಲ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ರಾಣೆಬೆನ್ನೂರು ದಾಟಿ ತುಂಗಭದ್ರೆಯ ಆಚೆ ಹರಿಹರಕ್ಕೆ ಹೋದರೆ ಮೈಸೂರು ಸಂಸ್ಥಾನ. ಅಂದರೆ ಮಹಾದೇವಪ್ಪ ಬೆಳೆದದ್ದು ನೇರವಾಗಿ ಬ್ರಿಟಿಷರ ಆಡಳಿತದ ಅಂಚಿನ ಹಳ್ಳಿಗಳಲ್ಲಿ.

ಊರಿನಲ್ಲೂ ಹಂಸಭಾವಿಯಲ್ಲೂ ಓದಿದ ಹುಡುಗ ಖಾದಿಯ ಸೆಳೆತಕ್ಕೆ ಸಿಕ್ಕು ಕೊನೆಗೆ ಸಾಬರಮತಿ ಆಶ್ರಮ ಮುಟ್ಟಿದರು. ಈಗ ನಮ್ಮ ಹುಡುಗರು ಹದಿನೆಂಟಕ್ಕೆ ಸಿಇಟಿ ಕೌನ್ಸೆಲಿಂಗ್‌ಗೆ ನಿಲ್ಲುತ್ತಾರೆ. ಅವರು ಹದಿನೆಂಟಕ್ಕೆ ಗಾಂಧಿಯ ಹಿಂದೆ ನಡೆಯಲು ನಿಂತರು. 1930ರ ಮಾರ್ಚ್ 12ರಂದು ಹೊರಟ ದಂಡಿ ಯಾತ್ರೆಗೆ ಗಾಂಧಿ ಆರಿಸಿಕೊಂಡವರು ಎಂಬತ್ತರಷ್ಟು ಜನ. ಆ ಪಟ್ಟಿಯಲ್ಲಿ ಕರ್ನಾಟಕದ ಹೆಸರು ಒಂದೇ ಒಂದು: ಮಹಾದೇವ ಮಾರ್ತಾಂಡ, ವಯಸ್ಸು 18. ಸುಮಾರು 385 ಕಿಲೋಮೀಟರು, ಇಪ್ಪತ್ತನಾಲ್ಕು ದಿನ. ಏಪ್ರಿಲ್ 6ರಂದು ಗಾಂಧಿ ಉಪ್ಪು ಎತ್ತಿದರು. ಮಹಾದೇವಪ್ಪನವರಿಗೆ ಜೈಲಾಯಿತು.

ಅವರ ಪತ್ನಿ ಸಿದ್ದಮ್ಮನವರನ್ನು ನಾವು ಸುಲಭವಾಗಿ ಮರೆತುಬಿಡುತ್ತೇವೆ. ಅವರೂ ಸಾಬರಮತಿಯ ಆಶ್ರಮದ ಬದುಕು ಕಂಡವರು, ಚಳವಳಿಯಲ್ಲಿ ಜೈಲಿಗೆ ಹೋದವರು. ಗಂಡ ಹೋರಾಟಕ್ಕೆ ಹೋದ, ಹೆಂಡತಿ ಮನೆ ಕಾದಳು ಅನ್ನುವ ಸಿದ್ಧ ಕಥೆಗೆ ಈ ಮನೆ ಹೊಂದುವುದಿಲ್ಲ.

ಊರಿಗೆ ಮರಳಿದ ಮೇಲೆ ಮಹಾದೇವಪ್ಪ ಹಾವೇರಿ ಹತ್ತಿರದ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿದರು. ಖಾದಿ, ಹಳ್ಳಿಯ ಕೆಲಸ, ಜನರ ನಡುವಿನ ಓಡಾಟ. ಅವರ ಜೀವನ ಹೇಳುವವರೆಲ್ಲ ದಂಡಿಯಿಂದ ನೇರ 1942ಕ್ಕೆ ಹಾರುತ್ತಾರೆ. ನಡುವಿನ ಈ ವರ್ಷಗಳಲ್ಲಿ ಫೋಟೋ ತೆಗೆಯುವಂಥದ್ದು ಏನೂ ಇಲ್ಲ. ಆದರೆ ಯಾವ ಊರಲ್ಲಿ ಯಾರು ಬಾಗಿಲು ತೆರೆಯುತ್ತಾರೆ, ಯಾರ ಹೊಲದ ಗುಡಿಸಲಲ್ಲಿ ಮಲಗಬಹುದು ಅನ್ನುವುದು ಒಬ್ಬ ಮನುಷ್ಯನಿಗೆ ಗೊತ್ತಾಗುವುದು ಇಂಥ ವರ್ಷಗಳಲ್ಲೇ. ಮುಂದೆ ಭೂಗತರಾದಾಗ ಅವರ ಕೈ ಹಿಡಿದದ್ದು ಇದೇ ನಂಟು ಅಂತ ನನ್ನ ನಂಬಿಕೆ.

ಒಂದು ಸಾಮ್ರಾಜ್ಯದ ವೈರಿಂಗ್

1942ರ ಆಗಸ್ಟ್ 8ರ ರಾತ್ರಿ ಮುಂಬೈಯಲ್ಲಿ ಕ್ವಿಟ್ ಇಂಡಿಯಾ ನಿರ್ಣಯ ಆಯಿತು. ಮರುದಿನ ಬೆಳಗಾಗುವಷ್ಟರಲ್ಲಿ ಗಾಂಧಿಯೂ ಸೇರಿದಂತೆ ದೊಡ್ಡ ನಾಯಕರೆಲ್ಲ ಬಂಧನದಲ್ಲಿದ್ದರು. ಇಷ್ಟು ವೇಗ ಸರ್ಕಾರಕ್ಕೆ ಎಲ್ಲಿಂದ ಬಂತು? ತಂತಿಯಿಂದ. ದಿಲ್ಲಿ, ಮುಂಬೈಗಳಲ್ಲಿ ಆದ ತೀರ್ಮಾನ ಕೆಲವೇ ಗಂಟೆಗಳಲ್ಲಿ ಜಿಲ್ಲೆಯ ಕಲೆಕ್ಟರ್ ಮೇಜಿಗೆ ಬರುತ್ತಿತ್ತು. ಹಿಂದೆಯೇ ರೈಲಿನಲ್ಲಿ ಪೊಲೀಸರು ಬರುತ್ತಿದ್ದರು. ಹಳ್ಳಿ ಹಳ್ಳಿಯ ಚಾವಡಿಯಲ್ಲಿ ಯಾರ ಹೊಲ ಎಷ್ಟು, ಯಾರ ಕಂದಾಯ ಬಾಕಿ ಎಷ್ಟು ಎಂಬ ದಫ್ತರ ಇತ್ತು. ಒಂದರ್ಥದಲ್ಲಿ ತಂತಿ, ರೈಲು, ದಫ್ತರ ಸೇರಿ ಆಗಿನ ಕಾಲದ ಇಂಟರ್ನೆಟ್. ವ್ಯತ್ಯಾಸ ಇಷ್ಟೇ, ಅದು ಜನರಿಗೆ ಸೇರಿದ್ದಲ್ಲ. ಜನರ ಮೇಲೆ ಹಾಸಿದ್ದು.

ಮಹಾದೇವಪ್ಪ ಮತ್ತು ಅವರಂಥವರು ಕೈ ಹಾಕಿದ್ದು ಇದಕ್ಕೇ. ಇತಿಹಾಸಕಾರ ಬಿಪಿನ್ ಚಂದ್ರ ಮತ್ತು ಸಂಗಡಿಗರು ಕೊಡುವ ಲೆಕ್ಕದ ಪ್ರಕಾರ ಕರ್ನಾಟಕದಲ್ಲೇ ತಂತಿ ಕಡಿದ ಪ್ರಕರಣಗಳು 1600. ದಾಳಿಗೆ ಒಳಗಾದ ರೈಲು ನಿಲ್ದಾಣಗಳು 26, ಅಂಚೆ ಕಚೇರಿಗಳು 32.

ಈ ಮೂರು ಸಂಖ್ಯೆಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ನಿಲ್ದಾಣದಲ್ಲಿ ಸಿಬ್ಬಂದಿ ಇರುತ್ತಾರೆ, ದೀಪ ಇರುತ್ತದೆ, ಪೊಲೀಸ್ ಕಾವಲೂ ಇರಬಹುದು. ಅಂಚೆ ಕಚೇರಿಗೆ ಬಾಗಿಲು, ಬೀಗ ಇರುತ್ತದೆ. ತಂತಿಗೆ? ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ದಾಟಿ ಹರಿಹರದವರೆಗೆ ರೈಲು ಹಳಿಯ ಪಕ್ಕದಲ್ಲಿ ಜೋಳದ ಹೊಲ, ಎರೆಭೂಮಿ, ಹಳ್ಳಗಳ ನಡುವೆ ಕಂಬಗಳ ಸಾಲು. ಅಲ್ಲಿ ಕಾವಲಿಗೆ ಯಾರೂ ಇಲ್ಲ. ಎಲ್ಲೋ ಒಂದು ಕಡೆ ತಂತಿ ಕಡಿದರೆ ಸಾಕು, ಎರಡೂ ತುದಿ ಮೂಕ. ರಿಪೇರಿಗೆ ಬರುವವನು ಕಂಬ ಕಂಬ ನೋಡುತ್ತ ನಡೆಯಬೇಕು. 26ರ ಎದುರು 1600 ಯಾಕೆ ಬಂತು ಅಂತ ಈಗ ಗೊತ್ತಾಗುತ್ತೆ. ದಾಳಿ ಮಾಡುವವನು ಗೋಡೆಯ ಗಟ್ಟಿ ಭಾಗಕ್ಕೆ ತಲೆ ಚಚ್ಚಿಕೊಳ್ಳುವುದಿಲ್ಲ. ಮಾಲೀಕ ಮರೆತ ಜಾಗ ಹುಡುಕುತ್ತಾನೆ.

ಇದು ನನಗೆ ಕಾಲೇಜಿನಲ್ಲಿ ನೆಟ್‌ವರ್ಕ್ ಸೆಕ್ಯೂರಿಟಿ ಪೇಪರ್‌ನಲ್ಲಿ ಬಂದ ಪಾಠ. ಒಳ್ಳೆ ಅಂಕವೂ ಬಂದಿತ್ತು.

ಅಜ್ಜಿಯ ಕೋಣೆಯ ಕ್ಯಾಮೆರಾ

ಅಜ್ಜಿಗೆ ಈಗ ತೊಂಬತ್ತರ ಆಸುಪಾಸು. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದ ಮೇಲೆ ಹಾಸಿಗೆಯಲ್ಲೇ ಇದ್ದಾಳೆ. ಕಾಕಾ ಹಗಲೆಲ್ಲ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ. ಸೋಮವಾರ, ಗುರುವಾರದ ಮಾರುಕಟ್ಟೆ ದಿನಗಳಲ್ಲಿ ಮನೆಗೆ ಬರುವುದು ರಾತ್ರಿಯೇ. ಕಾಕು ಒಬ್ಬಳೇ ಎಷ್ಟು ನೋಡಿಯಾಳು? ನಾನು ಬೆಂಗಳೂರಿನಿಂದ ಒಂದು ಪರಿಹಾರ ಸೂಚಿಸಿದೆ: ಅಜ್ಜಿಯ ಕೋಣೆಗೆ ಒಂದು, ಅಂಗಡಿಗೆ ಎರಡು ಕ್ಯಾಮೆರಾ. ಎಲ್ಲರೂ ಮೊಬೈಲಿನಲ್ಲೇ ನೋಡಬಹುದು. ರಾಣೆಬೆನ್ನೂರಿನ ಪರಿಚಯದ ಹುಡುಗನೊಬ್ಬ ಬಂದು ಹಾಕಿಕೊಟ್ಟ. ಹೊರಗಿನಿಂದ ನೋಡಲು ಆಗಬೇಕೆಂದರೆ ರೌಟರಿನಲ್ಲಿ ಒಂದು ಪೋರ್ಟ್ ತೆರೆದಿಡಬೇಕು ಅಂದ. ನಾನು ಫೋನಿನಲ್ಲೇ ಹೂಂ ಅಂದೆ. ಪಾಸ್‌ವರ್ಡ್ ಬದಲಿಸಿದ್ದೀಯಾ ಅಂತ ಕೇಳಲಿಲ್ಲ. ನೆಟ್‌ವರ್ಕ್ ಇಂಜಿನಿಯರ್ ಆಗಿದ್ದವನು ಕೇಳಲಿಲ್ಲ.

ಹೋದ ವರ್ಷ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಅಜ್ಜಿ ಕಾಕುವನ್ನು ಕೂಗಿದಳಂತೆ. ಗೋಡೆ ಮಾತಾಡ್ತಿದೆ ಅಂದಳಂತೆ. ವಯಸ್ಸಾದವರಿಗೆ ಹೀಗಾಗುತ್ತೆ ಅಂತ ಎಲ್ಲರೂ ಸುಮ್ಮನಾದರು. ಮೂರನೇ ರಾತ್ರಿ ಕಾಕುವೇ ಕೇಳಿಸಿಕೊಂಡಳು. ಕ್ಯಾಮೆರಾದೊಳಗಿಂದ ಯಾರೋ ಗಂಡಸಿನ ದನಿ, ಹಿಂದಿಯಲ್ಲಿ ಏನೋ ಅಂದು ನಗುತ್ತಿತ್ತು. ಕಾಕು ಪ್ಲಗ್ ಕಿತ್ತು ಹಾಕಿ, ಕ್ಯಾಮೆರಾ ಮೇಲೆ ಟವೆಲ್ ಮುಚ್ಚಿ, ನನಗೆ ಫೋನ್ ಮಾಡಿದಳು.

ನಾನು ಮರುದಿನ ಬಂದು ನೋಡಿದೆ. ಕ್ಯಾಮೆರಾದಲ್ಲಿ ಕಾರ್ಖಾನೆಯಿಂದ ಬಂದ ಹೆಸರು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಹಾಗೇ ಇತ್ತು. ಎಷ್ಟು ದಿನದಿಂದ ನೋಡುತ್ತಿದ್ದರು, ಎಷ್ಟು ಜನ ನೋಡಿದರು ಎಂಬುದಕ್ಕೆ ಅದರಲ್ಲಿ ಯಾವ ದಾಖಲೆಯೂ ಉಳಿದಿರಲಿಲ್ಲ. ಅದೇ ಕೋಣೆಯಲ್ಲಿ ದಿನಾ ಬೆಳಗ್ಗೆ ಕಾಕು ಅಜ್ಜಿಗೆ ಮೈ ಒರೆಸಿ ಸೀರೆ ಬದಲಿಸುತ್ತಾಳೆ. ನಾನು ಅದನ್ನು ಯೋಚಿಸಿದೆ, ಕಾಕುವೂ ಯೋಚಿಸಿದಳು. ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ಅಜ್ಜಿ ಮಾತ್ರ ಮಲಗಿದಲ್ಲಿಂದಲೇ ತನ್ನ ಬಾಲ್ಯದ ಒಂದು ಸಂಗತಿ ಹೇಳಿದಳು. ಭೂಗತರನ್ನು ಹುಡುಕಿಕೊಂಡು ಪೊಲೀಸರು ಊರಿಗೆ ಬಂದರೆಂದರೆ ಅವರವ್ವ ಮೊದಲು ಮಾಡುತ್ತಿದ್ದ ಕೆಲಸ ಬಾಗಿಲಿಗೆ ಅಗಳಿ ಹಾಕುವುದಂತೆ. ಅವಳು ನನ್ನನ್ನು ಬಯ್ಯಲು ಇದನ್ನು ಹೇಳಲಿಲ್ಲ ಅನ್ನಿಸುತ್ತೆ. ಆದರೂ ನನಗೆ ತಾಗಿತು.

ಯಾರೂ ನಮ್ಮನ್ನು ಹುಡುಕಿಕೊಂಡು ಬರಲಿಲ್ಲ

ಹಾವೇರಿಯ ಒಂದು ಸಾದಾ ಮನೆಯನ್ನು ಯಾರು ಯಾಕೆ ಹ್ಯಾಕ್ ಮಾಡ್ತಾರೆ ಅಂತ ಕಾಕಾ ಕೇಳಿದರು. ಬಹಳ ಜನರ ಪ್ರಶ್ನೆ ಇದು. ಉತ್ತರ: ನಮ್ಮನ್ನು ಯಾರೂ ಹುಡುಕಿಕೊಂಡು ಬರಲಿಲ್ಲ. ಹಳೆಯ ಮಾದರಿಯ ಇಂಟರ್ನೆಟ್ ವಿಳಾಸಗಳು ಜಗತ್ತಿನಲ್ಲಿ ಇರುವುದೇ ಸುಮಾರು 430 ಕೋಟಿ. ಅಷ್ಟನ್ನೂ ಒಂದೊಂದಾಗಿ ತಟ್ಟಿ, ಯಾವ ಬಾಗಿಲು ತೆರೆದಿದೆ ಅಂತ ನೋಡಲು ಒಂದು ಒಳ್ಳೆಯ ಕಂಪ್ಯೂಟರಿಗೆ ಒಂದು ಗಂಟೆಯೂ ಬೇಡ ಎಂಬುದನ್ನು ಮಿಷಿಗನ್ ವಿಶ್ವವಿದ್ಯಾಲಯದವರು 2013ರಲ್ಲೇ ತೋರಿಸಿದ್ದಾರೆ. ಬ್ಯಾಡಗಿ ಯಾವುದು, ಬಾಸ್ಟನ್ ಯಾವುದು ಅಂತ ಆ ಪ್ರೋಗ್ರಾಂಗೆ ಗೊತ್ತೇ ಇಲ್ಲ.

2016ರ ಮಿರಾಯ್ ನೆನಪಿರಬಹುದು. ಅಮೆರಿಕದ ಮೂವರು ಯುವಕರು ಬರೆದ ಈ ಮಾಲ್‌ವೇರ್ ಮಾಡಿದ್ದು ಸರಳ ಕೆಲಸ. ಕಾರ್ಖಾನೆಯಲ್ಲಿ ಹಾಕಿಬಿಡುವ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ ಇಟ್ಟುಕೊಂಡು, ಸಿಕ್ಕಸಿಕ್ಕ ಕ್ಯಾಮೆರಾ, ರೌಟರ್‌ಗಳ ಮೇಲೆ ಪ್ರಯೋಗಿಸುವುದು. ಲಕ್ಷಾಂತರ ಉಪಕರಣಗಳು ಕೈಗೆ ಬಂದವು. ಆ ವರ್ಷದ ಅಕ್ಟೋಬರ್ 21ರಂದು ಮಿರಾಯ್ ಬಳಸಿ ಡಿನ್ ಎಂಬ ಕಂಪನಿಯ ಮೇಲೆ ದಾಳಿಯಾದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದ ಹಲವೆಡೆ ಗಂಟೆಗಟ್ಟಲೆ ಸಿಗಲಿಲ್ಲ. ದಾಳಿ ಮಾಡಿದ ಕ್ಯಾಮೆರಾಗಳ ಮಾಲೀಕರಿಗೆ ಅದರ ಅರಿವೇ ಇರಲಿಲ್ಲ. ನಮ್ಮಲ್ಲೂ 2025ರ ಫೆಬ್ರುವರಿಯಲ್ಲಿ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾದಿಂದ ಹೆಣ್ಣುಮಕ್ಕಳ ತಪಾಸಣೆಯ ದೃಶ್ಯಗಳು ಸೋರಿ ಮಾರಾಟಕ್ಕೆ ಬಂದದ್ದನ್ನು ಓದಿದ್ದೇವೆ.

ಮಿರಾಯ್ ಬರೆದವರಿಗೂ ನಮ್ಮ ಅಜ್ಜಿಯ ಕೋಣೆಗೆ ಇಣುಕಿದವನಿಗೂ ಬೇಕಾದದ್ದು ಒಂದೇ, ಹೊಲದ ನಡುವೆ ಕಾವಲಿಲ್ಲದ ಕಂಬ. ನಾನು ಅದನ್ನು ನೆಟ್ಟುಕೊಟ್ಟಿದ್ದೆ.

ಆ ವಾರ ಮನೆಯಲ್ಲಿ ಕೂತು ಮಾಡಿದ್ದನ್ನು ಹೇಳುತ್ತೇನೆ, ನೀವೂ ಮಾಡಬಹುದು. ಮೊದಲು ಅಜ್ಜಿಯ ಕೋಣೆಯ ಕ್ಯಾಮೆರಾ ತೆಗೆದೇಬಿಟ್ಟೆ; ಅಲ್ಲಿ ಈಗ ಒಂದು ಕರೆಗಂಟೆ ಇದೆ. ಇಲ್ಲದ ಉಪಕರಣವನ್ನು ಯಾರೂ ಹ್ಯಾಕ್ ಮಾಡಲಾರರು. ಅಂಗಡಿಯ ಕ್ಯಾಮೆರಾಗಳನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿ, ಉದ್ದದ ಹೊಸ ಪಾಸ್‌ವರ್ಡ್ ಕೊಟ್ಟೆ. ಬರೀ ಆಫ್ ಮಾಡಿ ಆನ್ ಮಾಡಿದರೆ ಮಿರಾಯ್‌ನಂಥದ್ದು ಅಳಿಸಿಹೋಗುತ್ತದೆ, ನಿಜ. ಆದರೆ ಪಾಸ್‌ವರ್ಡ್ ಹಳೆಯದೇ ಇದ್ದರೆ ನಿಮಿಷಗಳಲ್ಲಿ ಮತ್ತೆ ಹೊಕ್ಕುತ್ತದೆ.

ಆಮೇಲೆ ರೌಟರ್. ಇದಕ್ಕೆ ಎರಡು ಪಾಸ್‌ವರ್ಡ್ ಇರುತ್ತವೆ, ಬಹಳ ಜನರಿಗೆ ಒಂದೇ ಗೊತ್ತು. ಒಂದು ವೈ-ಫೈಗೆ ಸೇರಿಕೊಳ್ಳಲು. ಇನ್ನೊಂದು ರೌಟರಿನ ಸೆಟ್ಟಿಂಗ್ಸ್ ಒಳಗೆ ಹೋಗಲು. ಎರಡನ್ನೂ ಬದಲಿಸಬೇಕು, ಎರಡೂ ಬೇರೆ ಬೇರೆ ಇರಬೇಕು. ಒಳಗೆ ಹೋದ ಮೇಲೆ ತೆರೆದಿಟ್ಟ ಪೋರ್ಟ್ ಮುಚ್ಚಿದೆ. ಹೊರಗಿನಿಂದ ರೌಟರ್ ನಿಯಂತ್ರಿಸುವ ರಿಮೋಟ್ ಮ್ಯಾನೇಜ್‌ಮೆಂಟ್, ಉಪಕರಣಗಳು ತಾವಾಗಿಯೇ ಪೋರ್ಟ್ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿ, ಗುಂಡಿ ಒತ್ತಿ ವೈ-ಫೈ ಸೇರಿಸುವ ಡಬ್ಲ್ಯುಪಿಎಸ್, ಮೂರನ್ನೂ ಆಫ್ ಮಾಡಿದೆ. ವೈ-ಫೈ ಭದ್ರತೆ ಕನಿಷ್ಠ ಡಬ್ಲ್ಯುಪಿಎ2 ಇರಲಿ, ಡಬ್ಲ್ಯುಪಿಎ3 ಇದ್ದರೆ ಇನ್ನೂ ಒಳ್ಳೇದು. ಬಹುತೇಕ ರೌಟರ್‌ಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಅಂತ ಒಂದಿರುತ್ತದೆ. ಟಿವಿ, ಕ್ಯಾಮೆರಾ, ಬಂದುಹೋಗುವ ನೆಂಟರ ಫೋನು ಎಲ್ಲವೂ ಅದಕ್ಕೆ. ಬ್ಯಾಂಕು ವ್ಯವಹಾರದ ಫೋನು, ಲ್ಯಾಪ್‌ಟಾಪ್ ಮಾತ್ರ ಮುಖ್ಯ ನೆಟ್‌ವರ್ಕಿಗೆ. ಒಂದು ಕೋಣೆಗೆ ಕಳ್ಳ ಬಂದರೂ ನಡುಮನೆಗೆ ಬರಬಾರದು, ಅಷ್ಟೇ ಲೆಕ್ಕ.

ಕೊನೆಗೆ ಕಾಕಾನ ಫೋನು. ಮಂಡಿಯ ವಾಟ್ಸ್ಯಾಪ್ ಗುಂಪುಗಳಲ್ಲಿ ಮದುವೆ ಆಮಂತ್ರಣ, ಸರ್ಕಾರಿ ಯೋಜನೆಯ ಹೆಸರಿನಲ್ಲಿ ಎಪಿಕೆ ಫೈಲ್‌ಗಳು ಬರುತ್ತಿವೆ. ಅದನ್ನು ಒತ್ತಿ ಇನ್‌ಸ್ಟಾಲ್ ಮಾಡಿದರೆ ಒಟಿಪಿ ಸಮೇತ ಎಲ್ಲ ಮೆಸೇಜು ಬೇರೆಯವರ ಪಾಲು. ರೌಟರಿಗೆ ಎಷ್ಟು ಬೀಗ ಹಾಕಿದರೂ ಒಳಗಿನಿಂದ ನಾವೇ ಬಾಗಿಲು ತೆರೆದರೆ ಉಪಯೋಗವಿಲ್ಲ. ಆಮಂತ್ರಣ ಎಂದೂ ಎಪಿಕೆ ಆಗಿರುವುದಿಲ್ಲ ಎಂಬ ಒಂದೇ ವಾಕ್ಯವನ್ನು ಕಾಕಾನಿಂದ ಬಾಯಿಪಾಠ ಮಾಡಿಸಿದೆ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಖಾಸಗಿ ದೃಶ್ಯದ ವಿಷಯವಾದರೆ ಪ್ರತಿ ಜಿಲ್ಲೆಯಲ್ಲೂ ಸಿಇಎನ್ ಪೊಲೀಸ್ ಠಾಣೆ ಇದೆ. ಐಟಿ ಕಾಯ್ದೆಯ 66ಇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆ ಇದೆ.

ಮಹಾದೇವಪ್ಪ ಹ್ಯಾಕರ್ ಅಲ್ಲ

ಇಲ್ಲಿಯವರೆಗೆ ಓದಿದವರಿಗೆ ಒಂದು ಸಿಟ್ಟು ಬಂದಿರಬಹುದು, ಬರಬೇಕು ಕೂಡ. ಹುತಾತ್ಮನನ್ನು ತಂದು ಕ್ಯಾಮೆರಾ ಕಳ್ಳನ ಪಕ್ಕ ನಿಲ್ಲಿಸೋದಾ ಅಂತ.

ಇಲ್ಲ. ಜಾಣ್ಮೆ ಒಂದೇ ಥರದ್ದು. ಗುರಿ, ನೈತಿಕತೆ ಎರಡೂ ತದ್ವಿರುದ್ಧ. ಮಹಾದೇವಪ್ಪ ಕೈ ಹಾಕಿದ್ದು ಜನರ ಒಪ್ಪಿಗೆಯಿಲ್ಲದೆ ಜನರನ್ನು ಆಳುತ್ತಿದ್ದ ಸರ್ಕಾರದ ತಂತಿಗೆ, ಬಡವನ ಮನೆಯ ಬಾಗಿಲಿಗಲ್ಲ. ಮಾಡಿದ್ದಕ್ಕೆ ತನ್ನ ಜೀವವನ್ನೇ ಒತ್ತೆ ಇಟ್ಟರು. ಇಂದಿನ ಕಳ್ಳ ಮುಖ ತೋರಿಸದೆ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿ ನಗುತ್ತಾನೆ. ಇನ್ನೊಂದು ಮಾತೂ ಇದೆ. ಇಂದು ನಮ್ಮ ಮನೆಯೊಳಗೆ ಇಣುಕುವವರು ಕಳ್ಳರು ಮಾತ್ರವೇ ಅಲ್ಲ. 2021ರ ಪೆಗಾಸಸ್ ಪ್ರಕರಣದಲ್ಲಿ ಪತ್ರಕರ್ತರು, ಹೋರಾಟಗಾರರ ಫೋನುಗಳ ಬಗ್ಗೆ ಎದ್ದ ಪ್ರಶ್ನೆಗಳನ್ನು ನಾವು ಮರೆತಿಲ್ಲ. ಹಾಗಾಗಿ ಮನೆಯ ನೆಟ್‌ವರ್ಕ್ ಭದ್ರ ಇರಬೇಕು ಅನ್ನುವುದು ಬರೀ ಗ್ಯಾಜೆಟ್ ವಿಷಯ ಅಲ್ಲ, ರಾಜಕೀಯದ ವಿಷಯ.

ರಾಜಕೀಯ ಅಂದ ಮೇಲೆ ಹೊಣೆಯ ಪ್ರಶ್ನೆಯೂ ಬರುತ್ತದೆ. ಪಾಸ್‌ವರ್ಡ್ ಬದಲಿಸದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಲಕ್ಷಾಂತರ ಕ್ಯಾಮೆರಾಗಳಿಗೆ ಒಂದೇ ಪಾಸ್‌ವರ್ಡ್ ಹಾಕಿ ಮಾರಿದವರ ತಪ್ಪು? ಎಲ್ಲರ ಮನೆಗೂ ಒಂದೇ ಕೀಲಿಕೈಯ ಬೀಗ ಮಾರುವವನನ್ನು ನಾವು ಬಜಾರಿನಲ್ಲಿ ಬಿಡುತ್ತೇವಾ? ಬ್ರಿಟನ್ 2024ರ ಏಪ್ರಿಲ್ 29ರಿಂದ ಸುಲಭವಾಗಿ ಊಹಿಸಬಹುದಾದ ಡೀಫಾಲ್ಟ್ ಪಾಸ್‌ವರ್ಡ್‌ಗಳನ್ನು ಕಾನೂನಿನಿಂದಲೇ ನಿಷೇಧಿಸಿದೆ. ನಮ್ಮಲ್ಲೂ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡುವ ಕೇಂದ್ರದ ನಿಯಮ 2025ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಒಳ್ಳೆಯದೇ. ಆದರೆ ಅದಕ್ಕೂ ಮೊದಲು ಮಾರಾಟವಾಗಿ ಗೋಡೆಗೆ ಏರಿರುವ ಕ್ಯಾಮೆರಾಗಳು? ಅಂಗನವಾಡಿ, ಹಾಸ್ಟೆಲ್, ಆಸ್ಪತ್ರೆ, ಕೋಲ್ಡ್ ಸ್ಟೋರೇಜು, ಬೀಜದ ಅಂಗಡಿ, ಎಲ್ಲ ಕಡೆ ಅವು ಇವೆ. ಅವುಗಳ ಪಾಸ್‌ವರ್ಡ್ ಯಾರು ಬದಲಿಸುತ್ತಾರೆ? ಕನ್ನಡದಲ್ಲಿ ಒಂದು ಪುಟದ ಸೂಚನೆಯನ್ನೂ ಇಡದೆ ಮಾರಿ, ಆಮೇಲೆ ಗ್ರಾಹಕರು ಎಚ್ಚರವಾಗಿರಬೇಕು ಅಂತ ಉಪದೇಶ ಮಾಡುವುದನ್ನು ನಾವು ಪ್ರಶ್ನಿಸಬೇಕು. ಪಂಚಾಯಿತಿಯಿಂದ ವಿಧಾನಸಭೆಯವರೆಗೆ ಕೇಳಬಹುದಾದ ಪ್ರಶ್ನೆ ಇದು.

ಹೊಸರಿತ್ತಿ, ಏಪ್ರಿಲ್ 1, 1943

ಮಹಾದೇವಪ್ಪನವರ ಕಥೆ ಮುಗಿದದ್ದು ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ. ಗುದ್ಲೆಪ್ಪ ಹಳ್ಳಿಕೇರಿಯವರ ಊರು ಅದು. ಸರ್ಕಾರ ರೈತರಿಂದ ವಸೂಲಿ ಮಾಡಿದ ಕಂದಾಯದ ಹಣವನ್ನು ಅಲ್ಲಿನ ವೀರಭದ್ರ ದೇವರ ಗುಡಿಯಲ್ಲಿ ಇಟ್ಟಿತ್ತು. 1943ರ ಏಪ್ರಿಲ್ 1ರಂದು ತಂಡ ಅದನ್ನು ವಶಪಡಿಸಿಕೊಳ್ಳಲು ಹೋಯಿತು. ಇದು ಕಾವಲಿಲ್ಲದ ಕಂಬವಲ್ಲ. ಇಲ್ಲಿ ಬಂದೂಕು ಹಿಡಿದ ಪೊಲೀಸರಿದ್ದರು. ಗುಂಡು ಹಾರಿತು. ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ತೀರಿಕೊಂಡರು. ಮಹಾದೇವಪ್ಪನವರಿಗೆ ಆಗ ಇನ್ನೂ ಮೂವತ್ತೊಂದು. ಈ ಲೇಖನ ಬರೆಯುತ್ತಿರುವ ನನಗಿಂತ ಚಿಕ್ಕವರು.

ಮೂವರ ಹೆಸರನ್ನೂ ನೋಡಿ. ಅದರಲ್ಲಿ ಮಡಿವಾಳರೂ ಇದ್ದಾರೆ, ಹಿರೇಮಠರೂ ಇದ್ದಾರೆ. ಜಾತಿಯ ಲೆಕ್ಕದಲ್ಲಿ ಬೇರೆ ಬೇರೆ ಓಣಿಯಲ್ಲಿ ಇರಬೇಕಾದವರು ಒಂದೇ ಗುಡಿಯ ಮುಂದೆ, ಒಂದೇ ದಿನ ಬಿದ್ದರು. ಹಾವೇರಿಯ ವೀರಸೌಧ ಇವರ ನೆನಪಿನದು. 2018ರಲ್ಲಿ ಅಂಚೆ ಇಲಾಖೆ ಮಹಾದೇವಪ್ಪನವರ ಅಂಚೆಚೀಟಿ ತಂದಿತು. ಟಪಾಲು ತಡೆದ ಚಳವಳಿಯವರಿಗೆ ಟಪಾಲಿನ ಗೌರವ. ರೈಲಿನ ಬೋರ್ಡಿನ ಹಾಗೇ. ಯಾಕೆಂದರೆ ಈಗ ಆ ಟಪಾಲು, ಆ ರೈಲು ನಮ್ಮವು.

ಬ್ರಿಟಿಷರಿಗೆ ಅಷ್ಟು ಉದ್ದದ ತಂತಿಯಿತ್ತು, ಆದರೆ ಕಂಬದ ಪಕ್ಕದ ಹೊಲದವನು ಅದನ್ನು ತನ್ನದು ಅಂದುಕೊಂಡಿರಲಿಲ್ಲ. ಕತ್ತಲಲ್ಲಿ ಯಾರೋ ಕಂಬ ಹತ್ತಿದ್ದನ್ನು ಕಂಡರೂ ಅವನು ಸುಮ್ಮನೆ ಮಗ್ಗುಲು ಬದಲಿಸಿದ. ನಮ್ಮ ಮನೆಯ ನೆಟ್‌ವರ್ಕ್ ವಿಷಯದಲ್ಲಿ ನಾವೂ ಹಾಗೇ ಇದ್ದೇವೆ. ಕಂಪನಿಯವರು ಹಾಕಿಹೋದ ಡಬ್ಬಿ, ದೀಪ ಮಿನುಗಿದರೆ ಸಾಕು, ಒಳಗೇನಿದೆ ಅಂತ ನಮಗೇಕೆ ಅನ್ನುತ್ತೇವೆ. ಅದು ನಮ್ಮದು ಅಂದುಕೊಳ್ಳದವರೆಗೆ ಅದಕ್ಕೆ ಕಾವಲು ಇಲ್ಲ.

ಈಗ ಊರಿಗೆ ಹೋದಾಗ ನನಗೊಂದು ಹೊಸ ಕೆಲಸ ಅಂಟಿಕೊಂಡಿದೆ. ಅಕ್ಕಪಕ್ಕದ ಮನೆಯವರು ಚಹಾಕ್ಕೆ ಕರೆದು ತಮ್ಮ ರೌಟರ್ ತೋರಿಸುತ್ತಾರೆ. ಇಲ್ಲಿಯವರೆಗೆ ಹನ್ನೊಂದು ಮನೆ ಆಯಿತು. ಒಂದು ಮನೆಗೆ ಅರ್ಧ ಗಂಟೆ ಸಾಕು. ಹನ್ನೊಂದರಲ್ಲಿ ಒಂಬತ್ತು ಮನೆಯ ರೌಟರ್‌ಗಳಲ್ಲಿ ಕಾರ್ಖಾನೆಯ ಪಾಸ್‌ವರ್ಡೇ ಇತ್ತು. ನಿಮ್ಮಲ್ಲಿ ಇಂಜಿನಿಯರಿಂಗ್ ಓದುತ್ತಿರುವವರು, ಓದಿ ಮುಗಿಸಿದವರು ಸಾವಿರಾರು ಜನ ಇದ್ದೀರಿ. ಈ ಸಲ ಊರಿಗೆ ಹೋದಾಗ ಒಂದು ಓಣಿ ಹಿಡಿಯಿರಿ. ರೌಟರಿನ ಪಕ್ಕ ಕೂತು, ಹೊಸ ಪಾಸ್‌ವರ್ಡನ್ನು ಅವರ ಕೈಯಿಂದಲೇ ಹಾಕಿಸಿ, ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಲು ಹೇಳಿ.

ಅಜ್ಜಿ ಈಗ ರಾತ್ರಿ ಮಲಗುವ ಮುನ್ನ ದಿನಾ ಕಾಕುವಿಗೆ ಒಂದು ಪ್ರಶ್ನೆ ಕೇಳುತ್ತಾಳಂತೆ, ಗೋಡೆಗೆ ಅಗಳಿ ಹಾಕಿದ್ರಾ ಅಂತ. ಹಾಕಿದೆವು ಅಂತ ಕಾಕು ಹೇಳಿದ ಮೇಲೇ ಅವಳು ದೀಪ ಆರಿಸಲು ಬಿಡುವುದು.